ಅಕ್ಕನ ತಗಡಿನ ಬಿಲ್ಲೆ

ಅಕ್ಕನಿಗೆ ಹಳೆಯ ಬ್ಯಾಡ್ಜುಗಳ ಹುಚ್ಚು. ಹಿಂದೆ ಕ್ಷಯದವರಿಗೆ, ಕುಷ್ಠದವರಿಗೆ ಹಣ ಕೂಡಿಸಲು ಬೀದಿಯಲ್ಲಿ ಮಾರುತ್ತಿದ್ದ ತಗಡಿನ ಬಿಲ್ಲೆಗಳು, ಗುಂಡುಪಿನ್ನಿನ ಕಾಗದದ ಹೂಗಳು. ಗುಜರಿಯವರ ಹತ್ತಿರ ಚೌಕಾಸಿ ಮಾಡಿ ತರುತ್ತಿದ್ದಳು. ನಾನು ಮೂಗು ಮುರಿದರೆ, "ಯಾರೋ ಕಾಯಿಲೆಯವರಿಗೋಸ್ಕರ ಯಾರೋ ಎದೆ ಮೇಲೆ ಹಾಕ್ಕೊಂಡಿದ್ದು ಕಣೇ, ಎಸೆಯೋಕಾಗುತ್ತಾ?" ಎನ್ನುವಳು.

ಮದುವೆಯ ಗೊಡವೆಗೆ ಹೋಗದ ನಾವಿಬ್ಬರೇ ಅಟ್ಟೂರಿನ ಮನೆಯಲ್ಲಿದ್ದೆವು. ಹೋದ ವರ್ಷ ಅವಳು ತೀರಿಕೊಂಡಳು. ಅಂದಿನಿಂದ ಮನೆಯಲ್ಲಿ ಮಾತೇ ಇಲ್ಲ. ಟಿವಿಯವರ ಜೊತೆ ನಾನು ಜಗಳವಾಡುವುದನ್ನು ಮಾತು ಎನ್ನುವುದಾದರೆ ಬೇರೆ. ಇಷ್ಟು ಒಂಟಿಯಾಗುತ್ತೇನೆಂದು ನಾನು ಎಣಿಸಿರಲಿಲ್ಲ.

ಒಂದು ಭಾನುವಾರ ಯಶವಂತಪುರಕ್ಕೆ ಹೊರಟಾಗ ಅವಳ ಬಿಲ್ಲೆಯೊಂದನ್ನು ಸೆರಗಿಗೆ ಚುಚ್ಚಿಕೊಂಡೆ. ಯಾರಾದರೂ ಏನಿದು ಎಂದು ಕೇಳಿದರೆ ಅಕ್ಕನ ಕಥೆಯನ್ನೆಲ್ಲ ಹೇಳಬಹುದು ಎಂಬ ಆಸೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಫೋನಿನಿಂದ ತಲೆಯನ್ನೇ ಎತ್ತಲಿಲ್ಲ.

ಮೆಟ್ರೊ ಸ್ಟೇಷನ್ನಿನ ಬಾಗಿಲಲ್ಲಿ ಕಾಲೇಜು ಮಕ್ಕಳು ಕ್ಯಾನ್ಸರ್ ರೋಗಿಗಳಿಗಾಗಿ ಬ್ಯಾಡ್ಜ್ ಮಾರುತ್ತಿದ್ದರು. ಹೋಗಿಬರುವವರನ್ನೆಲ್ಲ ಅಡ್ಡಗಟ್ಟಿ ಗೋಗರೆಯುತ್ತಿದ್ದರು. ನನ್ನನ್ನು ಮಾತ್ರ ಬಿಟ್ಟರು. ಬೇಕೆಂದೇ ನಿಧಾನವಾಗಿ ನಡೆದೆ, ಊಹೂಂ.

"ಆ ಆಂಟಿ ಆಗ್ಲೇ ತಗೊಂಡಿದಾರೆ ಕಣೋ, ಬಿಡು," ಎಂದಳು ಒಬ್ಬಳು ತನ್ನ ಜೊತೆಯವನಿಗೆ.

ಆಗ ಹೊಳೆಯಿತು. ಬ್ಯಾಡ್ಜ್ ಹಾಕಿಕೊಂಡವರನ್ನು ಮತ್ತೆ ಕೇಳುವುದಿಲ್ಲ. ಜನ ಹಾಕಿಕೊಳ್ಳುವುದೂ ಅರ್ಧ ಅದಕ್ಕೇ. ಮಾತಾಡಿಸಲಿ ಎಂದು ಚುಚ್ಚಿಕೊಂಡದ್ದು ಬಂದ ಮಾತನ್ನೂ ಓಡಿಸಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು.

ಹೂವಿನ ಗಾಡಿಯ ಮರೆಗೆ ಹೋಗಿ ಬಿಲ್ಲೆ ಬಿಚ್ಚಿ ಪರ್ಸಿಗೆ ಹಾಕಿದೆ. ರಸ್ತೆ ದಾಟಿ ಆಚೆ ಬಾಗಿಲಿಗೆ ಹೋದೆ. ಅಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗಿ ಓಡಿ ಬಂದಳು.

"ಆಂಟಿ, ಒಂದೇ ಒಂದ್ ಬ್ಯಾಡ್ಜ್ ತಗೊಳ್ಳಿ, ಪ್ಲೀಸ್."

ತೆಗೆದುಕೊಂಡೆ. "ನಾನೇ ಹಾಕ್ಲಾ?" ಎಂದು ಸೆರಗಿನ ನೆರಿಗೆ ಸರಿಮಾಡಿ ಪಿನ್ನು ಹಾಕತೊಡಗಿದಳು. ಅಕ್ಕ ಹೋದ ಮೇಲೆ ನನ್ನ ಭುಜ ಮುಟ್ಟಿದ ಮೊದಲ ಕೈ ಅದು. ಪಿನ್ನು ಚುಚ್ಚಿದರೂ ಅಲುಗಾಡದೆ ನಿಂತೆ.

"ಆಯ್ತು ಆಂಟಿ. ಇನ್ಮೇಲೆ ನಿಮ್ಮನ್ನ ಯಾರೂ ಕೇಳಲ್ಲ. ಆರಾಮಾಗಿ ಹೋಗಿ."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಮೆಟ್ಟಿಲು ಹತ್ತುತ್ತಲೇ ನಾನು ಅದನ್ನೂ ಬಿಚ್ಚಿದೆ.