ಕರಿಕಿವಿಯ ಕುರಿ ನಾಲ್ಕು ಕಡೆ ನಿಂತದ್ದು

ನಾನು ತೆಗೆದ ಫೋಟೊಗಳಲ್ಲಿ ನಾನು ಕರೆಯದವರೇ ಎದ್ದು ಕಾಣುತ್ತಾರೆ. ಸೂರ್ಯಾಸ್ತವನ್ನು ಹಿಡಿಯಲು ಹೋದರೆ ವಿದ್ಯುತ್ ಕಂಬ ಮುಂದೆ ಬಂದು ನಿಂತಿರುತ್ತದೆ. ಕೋಟೆಯ ಬತೇರಿಯನ್ನು ತೆಗೆದರೆ ಅದರ ನೆತ್ತಿಯ ಮೇಲೆ ಹಿಂದಿನ ಗುಡ್ಡದ ಗಾಳಿಯಂತ್ರವೊಂದು ಮೊಳೆತಿರುತ್ತದೆ. ಯಾರೂ ಅಡ್ಡ ಬಾರದ ಅಪರೂಪದ ಚಿತ್ರಗಳಲ್ಲಿ ನನ್ನ ಹೆಬ್ಬೆರಳೇ ಆ ಕೊರತೆಯನ್ನು ತುಂಬಿಕೊಡುತ್ತದೆ. ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಹೊತ್ತು ಹೋಗಲೆಂದು, ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ನಮ್ಮ ಭಾವನವರು ತಮ್ಮ ಹಳೆಯ ಕ್ಯಾಮೆರಾ ಕೊಟ್ಟಿದ್ದರು. ಅದರ ಜೊತೆಗೆ ಕಣ್ಣನ್ನೂ ಕೊಡುವ ಏರ್ಪಾಡು ಇರಲಿಲ್ಲ.

ಇಂಥ ಅನಾಹೂತರನ್ನೆಲ್ಲ ಅಳಿಸಿಹಾಕುವ ತಂತ್ರಾಂಶವೊಂದು ಉಚಿತವಾಗಿ ಸಿಗುತ್ತದೆಂದು ಯಾರೋ ಹೇಳಿದರು. ಯಾರೊಬ್ಬರ ಸ್ವತ್ತೂ ಅಲ್ಲದ, ಲೋಕದ ಪರೋಪಕಾರಿಗಳು ಕೂಡಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಲೆಂದು ತೆರೆದಿಟ್ಟ ಮುಕ್ತ ತಂತ್ರಾಂಶವಂತೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾಯಮಾನ ನನ್ನದು, ತಕ್ಷಣ ಇಳಿಸಿಕೊಂಡೆ. ಭಾಷಾಭಿಮಾನದಿಂದ ಕನ್ನಡದ ಮೆನುವನ್ನೇ ಆರಿಸಿದೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಅದರಲ್ಲಿ ಒಂದು ಪದವೂ ಅರ್ಥವಾಗದೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಇಂಗ್ಲಿಷಿಗೆ ಬದಲಾಯಿಸಿದೆ. ಆಮೇಲೆ ಪದರಗಳ ಪಾಠ ಶುರುವಾಯಿತು. ಚಿತ್ರದಲ್ಲಿ ಒಂದರ ಮೇಲೊಂದು ಪದರಗಳಿರುತ್ತವೆ, ಬಣ್ಣ ಬಳಿಯುವ ಮುನ್ನ ಸರಿಯಾದ ಪದರವನ್ನು ಆರಿಸಿಕೊಳ್ಳಬೇಕು. ನಾನು ಅರ್ಧ ಗಂಟೆ ಆಕಾಶಕ್ಕೆ ನೀಲಿ ಬಳಿದರೂ ಆಕಾಶ ಕದಲಲಿಲ್ಲ. ಬಳಿದದ್ದೆಲ್ಲ ಕಾಣದ ಇನ್ನೊಂದು ಪದರಕ್ಕೆ ಹೋಗಿತ್ತು. ತರಗತಿಯಲ್ಲಿ ನಾನು ಮಾಡಿದ ಪಾಠವೂ ಹೀಗೇ ಎಷ್ಟು ಸಲ ಬೇರೆಲ್ಲೋ ಬಿದ್ದಿತ್ತೋ ಎಂದು ಆ ದಿನ ಅನುಮಾನ ಬಂತು.

ಕೊನೆಗೆ ನನ್ನ ಕೈಗೆ ಒಗ್ಗಿದ್ದು ಒಂದೇ ಉಪಕರಣ. ಅದರ ಗುರುತು ಒಂದು ಠಸ್ಸೆ. ಚಿತ್ರದ ಒಂದು ಜಾಗವನ್ನು ತೋರಿಸಿ ಇನ್ನೊಂದು ಕಡೆ ಒತ್ತಿದರೆ ಅಲ್ಲಿದ್ದದ್ದು ಇಲ್ಲಿಯೂ ಮೂಡುತ್ತದೆ. ವರ್ಷಗಟ್ಟಲೆ ಮಕ್ಕಳ ಅಂಕಪಟ್ಟಿಗಳ ಮೇಲೆ ‘ಮೂಲದೊಂದಿಗೆ ತಾಳೆ ನೋಡಿದೆ’ ಎಂದು ಹಸಿರು ಶಾಯಿಯಲ್ಲಿ ರುಜು ಹಾಕಿ ಠಸ್ಸೆ ಒತ್ತಿದವಳಿಗೆ, ಮೂಲದಲ್ಲಿ ಇಲ್ಲದ್ದನ್ನು ಹುಟ್ಟಿಸುವ ಠಸ್ಸೆ ಸಿಕ್ಕರೆ ಏನಾಗಬೇಕು, ನೀವೇ ಹೇಳಿ.

ಇಂಥ ಹೊತ್ತಿನಲ್ಲಿ ಮದಕರಿಪುರದ ತಿಪ್ಪೇಶ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ, ಈಗ ಕುರಿಗಾರ. ಹೊಳಲ್ಕೆರೆಯಾಚೆ ರಾಮಗಿರಿಯಲ್ಲಿ ಹುಡುಗಿ ನೋಡಿ ಬಂದಿದ್ದ. ಇನ್ನು ಅವರ ಕಡೆಯವರು ಇವನ ಮನೆ ನೋಡಲು ಬರಬೇಕಿತ್ತು.

“ಮಂದೆ ಮೇವಿಗೆ ಹೊಸದುರ್ಗದ ಕಡೆ ಹೋಗೈತೆ ಮೇಡಂ. ಹೋದ ತಿಂಗಳು ನೀವು ಫೋಟೊ ಹೊಡ್ಕಂಡಿದ್ರಲ್ಲ, ಅದನ್ನ ಅವರ ಮನೆ ನಂಬರಿಗೆ ಕಳಿಸ್ರಿ. ಅವರೂ ಕುರಿ ಸಾಕೋರೇ. ಮಂದೆ ನೋಡದೆ ಮುಂದಿನ ಮಾತಾಡಲ್ಲ.”

ಹೋಗುವ ಮುನ್ನ ಬಾಗಿಲಲ್ಲಿ ನಿಂತು, ಮಂಜುಳ ಎಂಬ ಆ ಹುಡುಗಿ ತನಗೆ ಬಹಳ ಹಿಡಿಸಿದ್ದಾಳೆಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದ.

ಶಿಷ್ಯನ ಬಾಳಿನ ಪ್ರಶ್ನೆ. ಇದ್ದದ್ದನ್ನು ಇದ್ದ ಹಾಗೆ ಕಳಿಸುವುದು ಗುರುವಿಗೆ ಶೋಭೆಯೇ? ಚಿತ್ರದ ನಟ್ಟನಡುವೆ ಕುಂಟ ಕುರಿಯೊಂದು ಮುಂಗಾಲನ್ನು ಮಡಚಿಕೊಂಡು ನಿಂತಿತ್ತು. ಠಸ್ಸೆ ಒತ್ತಿದೆ. ಕುಂಟ ಕುರಿ ಹೋಗಿ ಆ ಜಾಗಕ್ಕೆ ಪಕ್ಕದ ಕರಿಕಿವಿಯ ಕುರಿ ಬಂತು. ನನ್ನ ನೆರಳು ಬಿದ್ದಿದ್ದ ಮೂಲೆಗೂ ಅದೇ ಕುರಿ. ಬೋಳು ನೆಲ ಯಾಕಿರಬೇಕೆಂದು ಅಲ್ಲಿಯೂ ಒಂದು. ನಡುವೆ ಮರಿಯೊಂದರ ಹೊಟ್ಟೆಯಿಂದ ಐದನೆಯ ಕಾಲು ಹೊರಟಿತು. ಅದನ್ನು ಹುಲ್ಲಿನಿಂದ ಮುಚ್ಚಿದೆ. ಸೃಷ್ಟಿಯ ಆರಂಭದಲ್ಲಿ ಬ್ರಹ್ಮನೂ ಹೀಗೇ ಅಲ್ಲಲ್ಲಿ ಹುಲ್ಲು ಹಾಕಿರಬೇಕು. ನನ್ನ ಕೈಚಳಕಕ್ಕೆ ನಾನೇ ತಲೆದೂಗಿ, ತಿಪ್ಪೇಶನಿಗೂ ತೋರಿಸದೆ ನೇರವಾಗಿ ರಾಮಗಿರಿಗೆ ಕಳಿಸಿಬಿಟ್ಟೆ.

ಮೂರನೆಯ ದಿನ ಅವನು ಮತ್ತೆ ಬಂದ.

“ಅವರು ಬರಲ್ವಂತೆ ಮೇಡಂ. ಒಂದೇ ಕುರಿ ನಾಕು ಕಡೆ ನಿಂತೈತಂತೆ. ಕುರಿ ವಿಷ್ಯದಾಗೇ ಹಿಂಗಾದ್ರೆ ಮುಂದೆ ಹೆಂಗೆ ಅಂದ್ರಂತೆ ಅವರಜ್ಜ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ಕೊಟ್ಟ ನೀರನ್ನೂ ಕುಡಿಯದೆ ಹೋದ. ನನಗೆ ಬಹಳ ನಾಚಿಕೆಯಾಯಿತು. ನನ್ನ ಕಣ್ಣಿಗೆ ಕುರಿಗಳೆಲ್ಲ ಒಂದೇ. ಕುರಿಗಾರರಿಗೂ ಹಾಗೆಯೇ ಎಂದು ಯಾವ ಧೈರ್ಯದಿಂದ ತೀರ್ಮಾನಿಸಿದೆನೋ. ನನ್ನ ತರಗತಿಯ ಫೋಟೊದಲ್ಲಿ ಒಬ್ಬನೇ ಹುಡುಗ ನಾಲ್ಕು ಬೆಂಚುಗಳಲ್ಲಿ ಕೂತಿದ್ದರೆ ನಾನು ನಾಲ್ಕು ಹಾಜರಿ ಹಾಕುತ್ತಿದ್ದೆನೆ?

ತಂತ್ರಾಂಶದಲ್ಲಿ ತಪ್ಪನ್ನು ಹಿಂದಕ್ಕೆ ಪಡೆಯಲು ಎರಡು ಗುಂಡಿ ಒತ್ತಿದರೆ ಸಾಕು. ಅದೇ ಕೆಲಸಕ್ಕೆ ನಾನು ಮಾರನೆಯ ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ರಾಮಗಿರಿಗೆ ಹೋಗಬೇಕಾಯಿತು. ನಾನು ತಿದ್ದದ ಮೂಲ ಚಿತ್ರ ಲ್ಯಾಪ್‌ಟಾಪಿನಲ್ಲಿತ್ತು, ಲ್ಯಾಪ್‌ಟಾಪು ಚೀಲದಲ್ಲಿ, ಜೀವ ಬಾಯಲ್ಲಿ.

“ಬರ್ರಿ, ಕುಂತ್ಕಳ್ರಿ” ಎಂದರು ಜಗಲಿಯ ಮೇಲಿದ್ದ ಅಜ್ಜ. ನಾನು ಕೂರುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡೆ, ಐದನೆಯ ಕಾಲಿನ ಸಮೇತ. ಲ್ಯಾಪ್‌ಟಾಪು ತೆರೆದು ಅಜ್ಜನ ಮುಂದಿಟ್ಟೆ. ಮಂಜುಳ ಕೈ ಒರೆಸಿಕೊಳ್ಳುತ್ತ ಬಂದು ಮೂಲ ಚಿತ್ರದ ಮೇಲೆ ಬಗ್ಗಿದಳು. ಅವಳ ಬೆರಳು ನಟ್ಟನಡುವೆ ಹೋಗಿ ನಿಂತಿತು.

“ಇದು ಆ ಫೋಟೊದಾಗೆ ಇರಲಿಲ್ಲ.”

“ಅಂದ ಕೆಡುತ್ತೆ ಅಂತ ತೆಗೆದೆ ಕಣಮ್ಮ.”

ಅವಳು ಚಿತ್ರವನ್ನು ಹಿಗ್ಗಿಸಿ ನೋಡಿದಳು. “ನೋಡಜ್ಜ. ಕಾಲು ಹೋಗಿ ಬಾಳ ದಿನ ಆಗೈತೆ. ಆದ್ರೂ ಗೊರಸು ಕತ್ತರಿಸಿ ನೋಡ್ಕಂಡವ್ರೆ.”

“ಇಂಥದ್ದನ್ನ ಯಾರೂ ಇಟ್ಕಳಲ್ಲ,” ಎಂದರು ಅಜ್ಜ. “ಮೊದ್ಲು ಸಂತೆಗೆ ಹೊಡೀತಾರೆ. ಮಂದೆ ಜೊತೆ ನಡೆಯಲ್ಲ ಅದು, ಹೊತ್ಕಂಡೇ ತಿರುಗ್ಬೇಕು.”

ಮಂಜುಳ ನನ್ನ ಕಡೆ ತಿರುಗಿದಳು. “ತೆಗೀರಿ ಅಂತ ಅವರಂದ್ರಾ, ನೀವೇ ತೆಗೆದ್ರಾ?”

“ನಾನೇ. ಅವನಿಗೆ ಗೊತ್ತೇ ಇರಲಿಲ್ಲ.”

“ಹಂಗಾದ್ರೆ ಸೋಮವಾರ ಹೋಗಾಣ ಅಜ್ಜ,” ಎಂದು ಹೇಳಿ ಟೀ ಮಾಡಲು ಒಳಗೆ ಹೋದಳು.

ಇಡೀ ಮಂದೆಯಲ್ಲಿ ತಿಪ್ಪೇಶನ ಪರವಾಗಿ ಸಾಕ್ಷಿ ಹೇಳಬಲ್ಲ ಒಂದೇ ಒಂದು ಜೀವವನ್ನು ನಾನು ಹುಡುಕಿ ಹುಡುಕಿ ಅಳಿಸಿದ್ದೆ. ಆ ಟೀ ಕುಡಿಯುವಾಗ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಹೊಗೆಯೆಂದು ಹೇಳೋಣವೆಂದರೆ ಅವರ ಮನೆಯಲ್ಲಿ ಗ್ಯಾಸ್ ಒಲೆ ಇತ್ತು.

ಮೊನ್ನೆ ತಿಪ್ಪೇಶ ಲಗ್ನಪತ್ರಿಕೆ ಕೊಡಲು ಬಂದಿದ್ದ. ಹಿಂದಿನ ದಿನವೇ ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಒತ್ತಾಯ ಮಾಡಿದ. ಠಸ್ಸೆಯ ತಂಟೆಗೆ ಹೋಗದೆ ಬಣ್ಣ ತಿದ್ದುವುದನ್ನು ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಧಾರೆಯ ಫೋಟೊ ನಾನೇ ತೆಗೆಯಲೇ ಎಂದು ಕೇಳಿದೆ.

ಅವನು ಪತ್ರಿಕೆಯ ಅಂಚನ್ನು ಸವರಿದ.

“ಕ್ಯಾಮೆರಾ ಮನೇಲಿ ಬಿಟ್ ಬರ್ರಿ ಅಂತ ಮಂಜುಳ ಹೇಳವ್ಳೆ ಮೇಡಂ. ಅವ್ಳಿಗೆ ಗಂಡ ಒಬ್ಬನೇ ಸಾಕಂತೆ.”