ಮಾದೇವಮ್ಮನ ಜೋಡಿ ಪದಗಳು

ಯಸಳೂರು ಕಡೆಯ ನಮ್ಮೂರ ಅಂಗನವಾಡಿಯಲ್ಲಿ ಮಾದೇವಮ್ಮ ಹತ್ತೊಂಬತ್ತು ವರ್ಷದಿಂದ ಸಹಾಯಕಿ. ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು, ಅದೇನು ಮಹಾ ಕೆಲಸ ಎನ್ನುವವರಿಗೆ, ಹದಿನಾಲ್ಕು ಮಕ್ಕಳನ್ನು ಒಂದು ಮಧ್ಯಾಹ್ನ ಮಲಗಿಸಿ ನೋಡಿ ಎನ್ನುತ್ತೇನೆ. ಹೋದ ವರ್ಷ ಅಲ್ಲಿನ ಟೀಚರ್ ನಿವೃತ್ತರಾದರು. ಆ ಜಾಗಕ್ಕೆ ಮಾದೇವಮ್ಮ ಅರ್ಜಿ ಹಾಕಬಹುದಿತ್ತು. ಅಡ್ಡ ನಿಂತಿದ್ದು ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಒಂದೇ. ಅರ್ಜಿಗೆ ಮೇ ತಿಂಗಳು ಗಡುವು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ವರ್ಷ.

ಹತ್ತನೇ ಕ್ಲಾಸಿನಲ್ಲಿ ಅವಳಿಗೆ, "ನಿನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ, ಹೋಗಿ ರೊಟ್ಟಿ ತಟ್ಟು" ಎಂದ ಮಹಾನುಭಾವ ನಾನೇ. ಬುದ್ಧಿ ಬಂದಿದ್ದು ಪೆನ್ಷನ್ ಜೊತೆಗೆ. ಹಾಗಾಗಿ ಪಾಠ ಹೇಳಲು ನಾನೇ ಕೂತೆ.

ಅವಳಿಗೆ ಕಗ್ಗಂಟಾಗಿದ್ದು ಜೋಡಿ ಪದಗಳು. ಬರೆದರೆ ಒಂದೇ ಥರ ಕಾಣುತ್ತವೆ, ಅರ್ಥ ಬೇರೆ. ನಾನು ಹೇಳಿಕೊಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ಕೊನೆಗೆ ದಾರಿ ಕಂಡುಕೊಂಡವಳು ಅವಳೇ. ಮಲಗಿದ ಒಂದೊಂದು ಮಗುವಿಗೂ ಒಂದೊಂದು ಪದ ಹಂಚಿಬಿಟ್ಟಳು.

"ಒಂದು 'ಓ' ಇರೋ ಲೂಸು ಕಳ್ಕಳಾದು, ಮೇಷ್ಟ್ರೇ. ದಿನಾ ಚಪ್ಲಿ ಕಳ್ಕಳಾ ನವ್ಯಶ್ರೀ. ಎಲ್ಡು 'ಓ' ಇದ್ರೆ ಸಡ್ಲ. ಅದು ಅಭಿಲಾಷನ ಚಡ್ಡಿ!"

ತುಟಿ ಬಿಚ್ಚದ ಸುನಿಲ್ 'ಕ್ವಯಟ್' ಆದ. ತಟ್ಟೆ ಪೂರ್ತಿ ನೆಕ್ಕುವ ಮೋನಿಕಾ, 'ಪೂರ್ತಿ' ಎನ್ನುವ 'ಕ್ವೈಟ್' ಆದಳು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಪರೀಕ್ಷೆಯ ದಿನ ಒಂಬತ್ತು ಗಂಟೆಗೆ ಸ್ಕೂಟರ್ ತಂದು ನಿಲ್ಲಿಸಿದೆ. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದೂರಿನ ಟೀಚರ್ ಬರುವವರಿದ್ದರು. ಅಷ್ಟರಲ್ಲಿ ಫೋನಿಗೆ ಸುದ್ದಿ ಬಂತು. ಕೆಳಗಿನ ತೋಟಕ್ಕೆ ಏಳು ಆನೆ ಇಳಿದಿವೆ. ಟೀಚರ್ ಆಚೆಯೇ ಉಳಿದರು. ಮೆಣಸು ಕೊಯ್ಯಲು ಹೋಗಿದ್ದ ತಾಯಂದಿರೂ ತೋಟದಲ್ಲೇ ಸಿಕ್ಕಿಕೊಂಡರು. ಪರೀಕ್ಷೆ ಇದ್ದ ಸಕಲೇಶಪುರಕ್ಕೆ ಹೋಗುವ ಮೇಲಿನ ರಸ್ತೆ ಮಾತ್ರ ತೆರೆದಿತ್ತು.

"ಚಿಲಕ ಹಾಕಿ ಹತ್ತು!" ಎಂದು ಕೂಗಿದೆ. "ತಾಯಂದಿರು ಇನ್ನೇನು ಬರ್ತಾರೆ."

ಅವಳು ಹಾಲ್ ಟಿಕೆಟ್ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಒಂದು ಕಾಲು ಹೊರಗೂ ಇಟ್ಟಿದ್ದಳು.

"ನವ್ಯಶ್ರೀಗೆ ಕಿಟ್ಕಿಲಿ ಕೈ ಹಾಕಿ ಚಿಲ್ಕ ತೆಗೆಯಾಕೆ ಬತ್ತದೆ, ಮೇಷ್ಟ್ರೇ. ಚಪ್ಲಿ ಹುಡ್ಕಂಡು ಆಚೆ ಹೋಗ್ಬುಟ್ರೆ?"

ನಾನು ರೇಗಿದೆ, ಬೈದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆನೆಗಳು ದಾಟಿ ಹೋದಾಗ ಹನ್ನೊಂದೂವರೆ. ಪರೀಕ್ಷೆ ಹತ್ತಕ್ಕೇ ಶುರುವಾಗಿತ್ತು.

ಜೂನಿನಲ್ಲಿ ಹೊಸ ಟೀಚರ್ ಶಿವಲೀಲಾ ಬಂದರು. ಒಳ್ಳೆಯ ಹುಡುಗಿ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಅವರು ಮನೆಗೆ ಹೋದ ಮೇಲೆ ಒಂದು ಸಂಜೆ ಮಾದೇವಮ್ಮ, "ಆವತ್ತಿನ ಪ್ರಶ್ನೆಪತ್ರಿಕೆ ಐತಾ, ಮೇಷ್ಟ್ರೇ?" ಎಂದಳು. ತಂದುಕೊಟ್ಟೆ. ಮೆಟ್ಟಿಲ ಮೇಲೆ ಕೂತು ಒಂದೊಂದೇ ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಿದಳು. ಜೋಡಿ ಪದ ಬಂದಾಗ ಒಂದು ಗಳಿಗೆ ಕಣ್ಣು ಮುಚ್ಚುವಳು. ಯಾವ ಮಗು ನೆನಪಾಯಿತೋ, ಉತ್ತರ ಸರಿಯಾಗಿರುತ್ತಿತ್ತು.

"ಪಾಸಾ, ಮೇಷ್ಟ್ರೇ?"

"ಪಾಸು ಕಣಮ್ಮ," ಎಂದೆ.

"ಹಂಗಾರೆ ಸರಿ," ಎಂದು ಪತ್ರಿಕೆ ಮಡಚಿ ನನ್ನ ಕೈಗಿಟ್ಟಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಪ್ಪಿಟ್ಟಿನ ಪಾತ್ರೆ ತೊಳೆಯಲು ಎದ್ದಳು.