ಕಂಪ್ಯೂಟರ್ ಪತ್ರಿಕೆಯೂ ಬೋರಗಾಂವದ ಟವೆಲ್ಲೂ

ಕಂಪ್ಯೂಟರಿನ ಪರದೆ ಒರೆಸುವುದಕ್ಕೆಂದೇ ಈಗ ಅಂಗಡಿಯಲ್ಲಿ ಅತಿ ಮೃದುವಾದ ಬಟ್ಟೆ ಸಿಗುತ್ತದಂತೆ. ಸಿಗಲಿ ಬಿಡಿ. ನಾನಂತೂ ಅಂಚಿನ ಹೂವುಗಳೆಲ್ಲ ಊನವಾಗಿರುವ ನನ್ನ ಹಳೆಯ ಟವೆಲ್ಲನ್ನು ಬಿಟ್ಟವನಲ್ಲ. ಅದನ್ನು ಅಡುಗೆಮನೆಯ ಮಸಿಬಟ್ಟೆಯ ಪದವಿಗೆ ಇಳಿಸಲು ಮನೆಯಾಕೆ ನಡೆಸಿದ ಪ್ರಯತ್ನಗಳು ಒಂದೆರಡಲ್ಲ.

ಈ ಟವೆಲ್ಲಿನ ವಂಶವೃಕ್ಷವನ್ನು ಹುಡುಕುತ್ತ ಹೋದರೆ ನಿಮಗೆ ಸಿಗುವುದು ಒಂದು ಮಾಸಪತ್ರಿಕೆ. ಕಂಪ್ಯೂಟರ್ ಹವ್ಯಾಸಿಗಳಿಗಾಗಿ ಇಂಗ್ಲಿಷಿನಲ್ಲಿ ಹೊರಡುತ್ತಿದ್ದ ಅದರ ಒಂದೇ ಒಂದು ಪ್ರತಿ ನಿಪ್ಪಾಣಿ ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಬಂದು, ಮರಾಠಿ ವಾರಪತ್ರಿಕೆಗಳ ಅಡಿಯಲ್ಲಿ ನನಗಾಗಿ ಅಡಗಿ ಕೂತಿರುತ್ತಿತ್ತು. ಒಳಗಿನ ಸಿ.ಡಿ. ಬಿರುಕು ಬಿಡದಿರಲೆಂದು ನಮ್ಮೂರು ಬೋರಗಾಂವದವರೆಗೂ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬರುತ್ತಿದ್ದೆ. ಆ ದಿನ ನನ್ನ ಹೈಸ್ಕೂಲಿನ ಮಕ್ಕಳಿಗೆ ಗಣಿತದ ಮನೆಗೆಲಸವೂ ಇರುತ್ತಿರಲಿಲ್ಲ.

ಇಷ್ಟಾದರೂ, ಸೊನ್ನೆ ಮತ್ತು ಒಂದರಲ್ಲೇ ಸಕಲವನ್ನೂ ಬರೆಯಬಹುದೆಂಬ ಅದರ ಮೂಲಮಂತ್ರ ಗಣಿತದ ಮಾಸ್ತರನಾದ ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ವಿದ್ಯುತ್ ಮಗ್ಗ ರಿಪೇರಿ ಮಾಡುವ ನೆರೆಮನೆಯ ಅಪ್ಪಾಸಾಹೇಬರಿಗೆ. ನಾನು ಅರ್ಧಂಬರ್ಧ ವಿವರಿಸುವುದರೊಳಗೆ ಅವರು, ಇದು ತಮ್ಮ ಮಗ್ಗದ ಡಾಬಿಯೇ ಸರಿ ಎಂದರು. ಡಾಬಿಯ ಮರದ ಪಟ್ಟಿಗಳ ತೂತಿನಲ್ಲಿ ಗೂಟವಿದ್ದರೆ ನೂಲು ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗೆ ಏಳುತ್ತ ಬೀಳುತ್ತಲೇ ಅಂಚಿನಲ್ಲಿ ಹೂವು ಮೂಡುತ್ತದೆ. ಗೋಡೆಯ ಮೇಲಿನ ನನ್ನ ಬಿ.ಎಸ್ಸಿ. ಪದವಿಪತ್ರ ಇದನ್ನೆಲ್ಲ ಮೌನವಾಗಿ ಕೇಳಿಸಿಕೊಂಡಿತು.

ಒಂದು ಗೂಟ ತಪ್ಪಿದರೂ ಅದು ಗೊತ್ತಾಗುವುದು ಗಜಗಟ್ಟಲೆ ನೇದ ಮೇಲೆ. ಆದ್ದರಿಂದ ಗೂಟಗಳ ಸಾಲನ್ನು ಸೊನ್ನೆ, ಒಂದುಗಳಲ್ಲಿ ಕೊಟ್ಟರೆ ಹೂವನ್ನು ಮೊದಲೇ ಪರದೆಯ ಮೇಲೆ ತೋರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಇಬ್ಬರೂ ಸೇರಿ ಕಟ್ಟಿದೆವು. ಎಂಟೆಸಳಿನ ಹೂವು ಅರಳಿದಾಗ ಅಪ್ಪಾಸಾಹೇಬರು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಎಲ್ಲವನ್ನೂ ಮತ್ತೊಮ್ಮೆ ಶುದ್ಧವಾಗಿ ಟೈಪಿಸಿ, ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ಪತ್ರಿಕೆಯ ಓದುಗರ ಪುಟಕ್ಕೆ ಕಳಿಸಿದೆ.

ಉತ್ತರ ಬಂತು! ಬರುವ ತಿಂಗಳು ನಮ್ಮಿಬ್ಬರ ಹೆಸರಿನೊಂದಿಗೆ ಅಚ್ಚಾಗುವುದಂತೆ. ಶಾಲೆಗೆಲ್ಲ ಪೇಡೆ ಹಂಚಿದೆ, ಸದಲಗಾದ ಬೀಗರಿಗೆ ಸುದ್ದಿ ಮುಟ್ಟಿಸಿದೆ, ಅಂಗಡಿಯವನಿಗೆ ಐದು ಪ್ರತಿ ಹೇಳಿಟ್ಟೆ. ತಿಂಗಳು ತುಂಬಿದ ದಿನ ಮೊದಲ ಬಸ್ಸಿಗೇ ನಿಪ್ಪಾಣಿಗೆ ಓಡಿದರೆ ಅಂಗಡಿಯವನು ನನ್ನ ಮುಖ ನೋಡದೆ ಹೇಳಿದ:

"ಆ ಪತ್ರಿಕೆ ಬಂದ್ ಆತಂತ್ರಿ ಸರ."

ದುಃಖವಾಯಿತು. ನಲವತ್ತು ದಾಟಿದ ಗಂಡಸು ಒಂದು ಪತ್ರಿಕೆಗಾಗಿ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತನೆಂದರೆ ನೀವು ನಗಬಹುದು. ನಾನು ಅತ್ತದ್ದಂತೂ ನಿಜ. ಹೆಸರು ಅಚ್ಚಾಗುವ ಭಾಗ್ಯ ಇನ್ನೊಮ್ಮೆ ನನ್ನ ಬಾಗಿಲಿಗೆ ಬರುವಂತಿರಲಿಲ್ಲ.

ವಾರದ ಮೇಲೆ ಅಪ್ಪಾಸಾಹೇಬರು ಒಂದು ಟವೆಲ್ಲು ತಂದು ನನ್ನ ಮೇಜಿನ ಮೇಲೆ ಹರಡಿದರು. ಅಂಚಿನ ತುಂಬ ನಮ್ಮದೇ ಹೂವು! ಕುಣಿಯುವುದೊಂದು ಬಾಕಿ. ಆದರೆ ಎಣಿಸಿ ನೋಡಿದರೆ ಪ್ರತಿ ಹೂವಿಗೂ ಏಳೇ ಎಸಳು. ಶುದ್ಧಪ್ರತಿ ಟೈಪಿಸುವಾಗ ಒಂದಿರಬೇಕಾದ ಕೆಲವು ಕಡೆ ಸೊನ್ನೆ ಒತ್ತಿ ಒಂದೆಸಳನ್ನೇ ನುಂಗಿದ್ದ ಮಹಾನುಭಾವ ನಾನೇ. ಪತ್ರಿಕೆ ಮುಚ್ಚಿ ನನ್ನ ಮಾನ ಉಳಿಸಿತ್ತು. ಗೂಟ ಹಾಕುವಾಗ ಇದು ಕಾಣಲಿಲ್ಲವೇ ಎಂದು ಸಂಕೋಚದಿಂದ ಕೇಳಿದೆ.

"ಕಂಡಿತ್ರಿ ಸರ. ಹೆಸರ ನೇಯಾಕ ಡಾಬಿಯೊಳಗ ಜಾಗಾ ಇಲ್ಲ. ಅದಕ್ಕ ಅದನ್ನ ಹಂಗ ಬಿಟ್ಟೇನಿ. ನೋಡಿದವರಿಗೆ ನಿಮ್ದಂತ ಗೊತ್ತಾಗಬೇಕಲ್ಲ."

ಇವತ್ತು ಬೆಳಿಗ್ಗೆ ಪರದೆ ಒರೆಸಿ, ಅಂಚು ಮೇಲೆ ಬರುವಂತೆ ಟವೆಲ್ಲನ್ನು ಮಡಚುವಾಗ ಹೂವುಗಳನ್ನು ಎಣಿಸಿದೆ. ಹದಿನಾಲ್ಕು. ಯಾವ ಪತ್ರಿಕೆ ನನ್ನ ಹೆಸರನ್ನು ಹದಿನಾಲ್ಕು ಸಲ ಅಚ್ಚು ಹಾಕುತ್ತಿತ್ತು ಹೇಳಿ! ಅಪ್ಪಾಸಾಹೇಬರ ಹೆಸರೆಲ್ಲಿ ಎಂದು ಇಷ್ಟು ವರ್ಷ ನಾನು ಹುಡುಕಿರಲೇ ಇಲ್ಲ. ಬಿಟ್ಟುಹೋದ ಒಂದೆಸಳು ನನ್ನದು. ಉಳಿದ ಏಳೂ ಅವರವು.